ನಾಲ್ಕು ಚಕ್ರದ ಸೈಕಲ್ಲು

ಶಿಡ್ಲಘಟ್ಟದ ನಮ್ಮ ಮನೆಯಲ್ಲಿ ಒಂದು ಸೈಕಲ್ಲಿದೆ, ಅದಕ್ಕೆ ನಾಲ್ಕು ಚಕ್ರ. ಹೀಗೆಂದರೆ ಯಾರು ನಂಬುತ್ತಾರೆ? ದಸರಾ ರಜೆಗೆಂದು ಚಿಂತಾಮಣಿಯಿಂದ ಬಂದಿದ್ದ ನನ್ನ ಮೊಮ್ಮಗಳೂ ನಂಬಲಿಲ್ಲ. ಆರನೇ ಕ್ಲಾಸಿನ ಹುಡುಗಿ, ಯಾವುದನ್ನೂ ಕಣ್ಣಾರೆ ಕಾಣದೆ ಒಪ್ಪುವವಳಲ್ಲ. "ಸುಳ್ಳು ತಾತ, ನಾಲ್ಕು ಚಕ್ರ ಇದ್ರೆ ಅದು ಕಾರು" ಅಂದಳು. ಅವಳ ಕೈ ಹಿಡಿದು ಹಿಂದಿನ ಪಡಸಾಲೆಗೆ ಕರೆದುಕೊಂಡು ಹೋದೆ. ಅಲ್ಲಿ ಅವಳ ಮಾವನ, ಅಂದರೆ ನನ್ನ ಮಗನ ಸೈಕಲ್ಲು ನಿಂತಿತ್ತು. ಅದರಲ್ಲಿ ಎರಡು ಚಕ್ರ. ಗೋಡೆಯ ಮೊಳೆಗೆ ಇನ್ನೆರಡು ಚಕ್ರ ನೇತುಬಿದ್ದಿದ್ದವು, ಹಿಂದೆ ಮೊರ, ಜರಡಿ ನೇತುಹಾಕುತ್ತಿದ್ದೆವಲ್ಲ, ಹಾಗೆ.

ಅವಳು ಗೋಡೆಯ ಚಕ್ರ ಮುಟ್ಟಿ ನೋಡಿದಳು, ಸೈಕಲ್ಲಿನ ಚಕ್ರ ಮುಟ್ಟಿ ನೋಡಿದಳು. ಎತ್ತರ ಹೆಚ್ಚುಕಡಿಮೆ ಒಂದೇ. ಆದರೆ ಗೋಡೆಯ ಜೊತೆಯ ಟೈರು ಅವಳ ಎರಡು ಬೆರಳಿನಷ್ಟು ಅಗಲ, ಮೈ ನುಣುಪು. ಸೈಕಲ್ಲಿನಲ್ಲಿದ್ದ ಜೊತೆ ಮೂರು ಬೆರಳಿನಷ್ಟು ಅಗಲ, ಮೈತುಂಬ ಹಲಸಿನ ಸಿಪ್ಪೆಯಂತೆ ಗುಬುಟು. "ಎರಡು ಜೊತೆ ಯಾಕೆ? ಇನ್ನೊಂದು ಸೈಕಲ್ ತಗೊಳ್ಳೋಕೆ ಮಾವನ ಹತ್ರ ದುಡ್ಡಿರಲಿಲ್ವಾ?" ಎಂದು ಕೇಳಿದಳು. ಇರಲಿಲ್ಲ ಎಂದೆ. ಇದ್ದಿದ್ದರೂ ಇಡಲು ಜಾಗವಿರಲಿಲ್ಲ.

ಮಕ್ಕಳೇ, ಅವಳು ಅವತ್ತು ಬೆಳಿಗ್ಗೆ ಕೇಳಲು ಶುರುಮಾಡಿದ ಪ್ರಶ್ನೆಗಳು ರಜೆ ಮುಗಿಯುವತನಕ ಮುಗಿಯಲಿಲ್ಲ. ಅವನ್ನೇ ನಿಮ್ಮ ಮುಂದೆ ಹರಡಿ ಕೂತಿದ್ದೇನೆ. ನಿಮ್ಮ ಮನೆಯಲ್ಲೂ ಒಂದು ಸೈಕಲ್ಲಿದ್ದರೆ ಅದನ್ನು ಹತ್ತಿರಕ್ಕೆ ತಂದು ನಿಲ್ಲಿಸಿಕೊಳ್ಳಿ.

ಮೊದಲನೆಯ ಪ್ರಶ್ನೆ: "ಇದನ್ನ ಹೈಬ್ರಿಡ್ ಸೈಕಲ್ ಅಂತಾರೆ. ಹಾಗಂದ್ರೇನು?"

ರೇಷ್ಮೆಯ ಊರಿನಲ್ಲಿ ಇದಕ್ಕೆ ಉತ್ತರ ಹುಡುಕಬೇಕಾಗಿಲ್ಲ. ನಮ್ಮ ಗೂಡಿನ ಮಾರುಕಟ್ಟೆಗೆ ಬೆಳಿಗ್ಗೆ ಹೋದರೆ ಹಳದಿ ಗೂಡುಗಳ ರಾಶಿ ಕಾಣುತ್ತದೆ. ಅದು ಮಿಶ್ರತಳಿ ಗೂಡು. ನಮ್ಮ ಹಳೆಯ ಮೈಸೂರು ತಳಿಯ ಹುಳು ಗಟ್ಟಿಮುಟ್ಟು, ಬಿಸಿಲು ಸೆಕೆ ತಡೆದುಕೊಳ್ಳುತ್ತದೆ. ದ್ವಿತಳಿ ಎಂಬ ಇನ್ನೊಂದು ಜಾತಿಯ ಹುಳು ಸುಕುಮಾರ, ಆದರೆ ಅದು ಕೊಡುವ ನೂಲು ಹೆಚ್ಚು, ಬಲು ಸೊಗಸು. ಎರಡನ್ನೂ ಬೆರೆಸಿದರೆ ಗಟ್ಟಿತನ ಇದರಿಂದ, ನೂಲು ಅದರಿಂದ. ಸೈಕಲ್ಲಿನಲ್ಲೂ ಹಾಗೆಯೇ ಎರಡು ತಳಿ. ಒಂದು ಟಾರು ರಸ್ತೆಯಲ್ಲಿ ಬಾಣದಂತೆ ಹೋಗುವ ರೋಡ್ ಸೈಕಲ್ಲು: ಹಗುರ, ಸಣ್ಣ ಟೈರು, ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್ಲು. ಇನ್ನೊಂದು ಕಲ್ಲುಮುಳ್ಳು ಲೆಕ್ಕಿಸದ ಬೆಟ್ಟದ ಸೈಕಲ್ಲು: ದಪ್ಪ ಟೈರು, ನೆಟ್ಟಗಿನ ಹ್ಯಾಂಡಲ್ಲು. ಇವೆರಡರ ಮಿಶ್ರತಳಿಯೇ ಹೈಬ್ರಿಡ್.

"ಹಾಗಾದ್ರೆ ಅದು ಎರಡು ಕಡೆನೂ ಚೆನ್ನಾಗಿ ಹೋಗುತ್ತಾ?"

"ಎರಡು ಕಡೆನೂ ಸುಮಾರಾಗಿ ಹೋಗುತ್ತೆ" ಎಂದೆ. ಮಗನಿಗೆ ಕೇಳಿಸಿತೇನೋ, ಒಳಗಿಂದ ಕೆಮ್ಮಿದ.

ಅವನ ಕಷ್ಟ ಇಷ್ಟೇ. ವಾರದ ದಿನಗಳಲ್ಲಿ ಅವನು ಹಿಪ್ಪುನೇರಳೆ ತೋಟಕ್ಕೆ ಹೋಗಬೇಕು. ದಾರಿ ಕೆರೆ ಏರಿಯ ಮೇಲೆ, ಆಮೇಲೆ ರಾಗಿ ಹೊಲಗಳ ನಡುವಿನ ಕೆಮ್ಮಣ್ಣಿನ ಬಂಡಿಜಾಡು. ಭಾನುವಾರ ಬಂತೆಂದರೆ ಕತ್ತಲಿರುವಾಗಲೇ ಎದ್ದು ಚಿಕ್ಕಬಳ್ಳಾಪುರ ದಾಟಿ, ಮುದ್ದೇನಹಳ್ಳಿಯ ಕಡೆಯಿಂದ ನಂದಿಬೆಟ್ಟಕ್ಕೆ. ಅದು ಟಾರು ರಸ್ತೆ. ಬೆಂಗಳೂರಿನಿಂದ ಬರುವ ಸೈಕಲ್ಲಿನವರೂ ಅಲ್ಲಿ ಜೊತೆಯಾಗುತ್ತಾರೆ. ನಿಮಗೆ ಶಾಲೆಗೆ ಬೂಟು, ಹೊಲಕ್ಕೆ ಚಪ್ಪಲಿ ಇಲ್ಲವೇ? ಕಾಲು ಅದೇ, ನೆಲ ಬೇರೆ. ಅವನೂ ಸೈಕಲ್ಲಿಗೆ ಎರಡು ಜೊತೆ ಪಾದರಕ್ಷೆ ಮಾಡಿಸಿಟ್ಟಿದ್ದಾನೆ.

ಯಾವ ಜೊತೆ ಯಾಕೆ ಬೇಕು ಎಂದು ತಿಳಿಯುವ ಮೊದಲು ಚಕ್ರವನ್ನೇ ಒಂದು ಸಲ ಸರಿಯಾಗಿ ನೋಡೋಣ. ದಿನಾ ನೋಡುವ ವಸ್ತು, ಆದರೂ ಯಾರೂ ನೋಡಿರುವುದಿಲ್ಲ.

ನಡುವೆ ಇರುವುದು ಹಬ್ಬು. ಹೊರಗಿನ ಲೋಹದ ಬಳೆ ರಿಮ್ಮು. ಎರಡನ್ನೂ ಸೇರಿಸುವುದು ಕಡ್ಡಿಗಳು. ಸೈಕಲ್ ಕಡ್ಡಿ ಎಷ್ಟು ದಪ್ಪ? ಸುಮಾರು 2 ಮಿಲಿಮೀಟರು, ಊದಿನಕಡ್ಡಿಯಷ್ಟು. ಅಂಗಡಿಯಲ್ಲಿ ಒಂದು ಹಳೇ ಕಡ್ಡಿ ಕೇಳಿ ತೆಗೆದುಕೊಂಡು, ನೆಲಕ್ಕೆ ನೆಟ್ಟಗೆ ಊರಿ ಮೇಲಿನಿಂದ ಒತ್ತಿ ನೋಡಿ. ಪೊರಕೆ ಕಡ್ಡಿಯಂತೆ ಬಳುಕಿಬಿಡುತ್ತದೆ. ಇಂಥ ಬಡಕಲು ಕಡ್ಡಿಗಳ ಮೇಲೆ ಮಾವ ಕೂರುತ್ತಾನೆ, ಹಿಂದೆ ಸೊಪ್ಪಿನ ಹೊರೆಯೂ ಇರುತ್ತದೆ. ಚಕ್ರ ಯಾಕೆ ಕುಸಿಯುವುದಿಲ್ಲ?

ಎತ್ತಿನ ಗಾಡಿಯ ಚಕ್ರವಾದರೆ ಗುಟ್ಟೇನೂ ಇಲ್ಲ. ಅದರ ಮರದ ಅರೆಗಳು ಮನೆಯ ಕಂಬಗಳಿದ್ದಂತೆ, ಭಾರವನ್ನು ಹೊತ್ತು ನಿಲ್ಲುತ್ತವೆ. ಸೈಕಲ್ ಕಡ್ಡಿ ಕಂಬದ ಜಾತಿಯದಲ್ಲ, ದಾರದ ಜಾತಿ. ರೇಷ್ಮೆ ಎಳೆಯನ್ನು ನೆನೆಸಿಕೊಳ್ಳಿ. ಎಳೆದರೆ ಎಷ್ಟು ಗಟ್ಟಿ! ನೂಕಿದರೆ? ದಾರವನ್ನು ನೂಕಲು ಯಾರಿಗಾದರೂ ಬರುತ್ತದೆಯೇ?

ಇದನ್ನು ಶಾಲೆಯ ಮೈದಾನದಲ್ಲಿ ಆಡಿ ನೋಡಬಹುದು. ಒಂದು ಬಳೆಯಂಥ ಕಬ್ಬಿಣದ ಉಂಗುರಕ್ಕೆ ಎಂಟು ಹಗ್ಗ ಕಟ್ಟಿ. ಎಂಟು ಜನ ಸುತ್ತ ನಿಂತು ಒಂದೊಂದು ಹಗ್ಗ ಹಿಡಿದು ಎಳೆಯಿರಿ. ಎಲ್ಲರೂ ಸಮನಾಗಿ ಎಳೆದರೆ ಉಂಗುರ ನಡುವೆ ಗಾಳಿಯಲ್ಲಿ ಕದಲದೆ ನಿಲ್ಲುತ್ತದೆ. ಈಗ ಒಂಬತ್ತನೆಯವರು ಬಂದು ಆ ಉಂಗುರವನ್ನು ಯಾರಾದರೊಬ್ಬರ ಕಡೆಗೆ ತಳ್ಳಲಿ. ಆ ಒಬ್ಬರ ಹಗ್ಗ ತುಸು ಸಡಿಲವಾಗುತ್ತದೆ, ಮಿಕ್ಕವರ ಎಳೆತ ಉಂಗುರವನ್ನು ಬಿಟ್ಟುಕೊಡುವುದಿಲ್ಲ. ಉಂಗುರವೇ ಹಬ್ಬು, ನೀವೇ ರಿಮ್ಮು. ಮಾವ ಸೀಟಿನ ಮೇಲೆ ಕೂತಾಗ ಹಬ್ಬಿನ ನೇರ ಕೆಳಗಿರುವ ನಾಲ್ಕಾರು ಕಡ್ಡಿಗಳ ಬಿಗಿ ತುಸು ಇಳಿಯುತ್ತದೆ, ಅಷ್ಟೇ. ಪೂರ್ತಿ ಸಡಿಲವಾಗದಂತೆ ಕಟ್ಟುವಾಗಲೇ ಎಲ್ಲವನ್ನೂ ಚೆನ್ನಾಗಿ ಬಿಗಿದಿರುತ್ತಾರೆ.

ಮೊಮ್ಮಗಳು ಇದನ್ನೂ ಸುಮ್ಮನೆ ಒಪ್ಪಲಿಲ್ಲ. ಆಗ ನಾವು ಕಿವಿಯನ್ನೇ ಸಾಕ್ಷಿಗೆ ಕರೆದೆವು. ಸೈಕಲ್ಲನ್ನು ನಿಲ್ಲಿಸಿ, ಹಿಂದಿನ ಚಕ್ರದ ತೀರಾ ಕೆಳಗಿನ ಕಡ್ಡಿಯನ್ನು ತಂಬೂರಿಯ ತಂತಿಯಂತೆ ಬೆರಳಿನಿಂದ ಮೀಟಿದಳು. ಟಿಣ್. ಮಾವ ಸೀಟಿನ ಮೇಲೆ ಪೂರ್ತಿ ಭಾರ ಬಿಟ್ಟು ಕೂತ. ಮತ್ತೆ ಮೀಟಿದಳು. ಟೊಣ್. ಸದ್ದು ಕೆಳಗಿಳಿದಿತ್ತು! ತಂತಿ ಸಡಿಲವಾದರೆ ಶ್ರುತಿ ಇಳಿಯುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಮೇಲಿನ ಕಡ್ಡಿ ಮೀಟಿದಳು, ಅದರ ಸದ್ದಿನಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಮಾವನನ್ನು ಹತ್ತು ಸಲ ಕೂರಿಸಿ ಏಳಿಸಿದಳು. ನೀವೂ ಮಾಡಿ ನೋಡಿ. ಚಕ್ರ ತಿರುಗುತ್ತಿರುವಾಗ ಮಾತ್ರ ಬೆರಳು ಹತ್ತಿರ ಒಯ್ಯಬೇಡಿ.

ಇನ್ನೊಂದು ತಮಾಷೆ. ನಮ್ಮ ಹಿತ್ತಲಲ್ಲಿ ನನ್ನ ಹಳೇ ಕರಿ ಸೈಕಲ್ಲಿದೆ, ಗೂಡಿನ ಚೀಲ ಹೊತ್ತು ಹೊತ್ತು ಮುದಿಯಾದದ್ದು. ಅದರ ಕಡ್ಡಿ ಎಣಿಸು ಎಂದೆ. ಮುಂದೆ 32, ಹಿಂದೆ 40. ಯಾಕೆ ಹಿಂದೆ ಹೆಚ್ಚು ಎಂದು ನಾನು ಹೇಳಲಿಲ್ಲ. ಕ್ಯಾರಿಯರ್ ಯಾವ ಕಡೆ ಇದೆ ಎಂದು ನೋಡಿ ಅವಳೇ ಹೇಳಿದಳು.

ಈಗ ಟೈರಿಗೆ ಬರೋಣ. ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಇಷ್ಟು ದೊಡ್ಡ ಸೈಕಲ್ಲು, ಅಷ್ಟು ದೊಡ್ಡ ಮಾವ, ನೆಲವನ್ನು ಮುಟ್ಟುವ ಜಾಗ ಎಷ್ಟು ಗೊತ್ತೇ?

ನಾವು ಅಳೆದೆವು. ಒಲೆಯ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಹಿಂದಿನ ಟೈರಿನ ಒಂದು ಕಡೆ ಬಳಿದೆವು. ಸೈಕಲ್ಲನ್ನು ಎತ್ತಿ ಹಿಡಿದು, ಮಸಿಯ ಭಾಗ ಕೆಳಗೆ ಬರುವಂತೆ ತಿರುಗಿಸಿ, ಅಡಿಗೆ ಹಳೇ ನೋಟುಪುಸ್ತಕದ ಹಾಳೆ ಇಟ್ಟು ಇಳಿಸಿದೆವು. ಮಾವ ಕೂತ, ಎದ್ದ. ಹಾಳೆ ತೆಗೆದು ನೋಡಿದರೆ ಹಲಸಿನ ಬೀಜದಂಥ ಉದ್ದುದ್ದ ಗುರುತು. ದಪ್ಪ ಟೈರಿನ ಗುರುತು ಸುಮಾರು ಒಂದು ಬೆಂಕಿಪೊಟ್ಟಣದಷ್ಟು. ಆಮೇಲೆ ಚಕ್ರ ಬದಲಿಸಿ ಸಣ್ಣ ಟೈರಿನ ಗುರುತು ತೆಗೆದೆವು. ಅರ್ಧ ಬೆಂಕಿಪೊಟ್ಟಣ! "ಇಷ್ಟೇನಾ?" ಎಂದು ಹುಡುಗಿ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದಳು.

ಅಷ್ಟೇ ಯಾಕೆ ಎನ್ನುವುದಕ್ಕೆ ಒಂದು ಸುಲಭದ ಲೆಕ್ಕವಿದೆ. ಟೈರಿನೊಳಗೆ ಗಾಳಿ ಇದೆ. ನೆಲ ಮುಟ್ಟಿದ ಒಂದೊಂದು ಚದರ ಸೆಂಟಿಮೀಟರ್ ಜಾಗದಲ್ಲೂ ಒಬ್ಬ ಪುಟ್ಟ ಹಮಾಲಿ ನಿಂತಿದ್ದಾನೆ ಎಂದುಕೊಳ್ಳಿ, ಚಿಂತಾಮಣಿ ಮಾರುಕಟ್ಟೆಯಲ್ಲಿ ಟೊಮ್ಯಾಟೊ ಕ್ರೇಟು ಹೊರುವವರ ಹಾಗೆ. ಗಾಳಿ ಎಷ್ಟು ಬಿಗಿಯೋ ಹಮಾಲಿ ಅಷ್ಟು ಬಲಶಾಲಿ. ಮಾವ ಸಣ್ಣ ಟೈರಿಗೆ 80 ಪಿಎಸ್‌ಐ ಗಾಳಿ ಹೊಡೆಯುತ್ತಾನೆ (ಪಿಎಸ್‌ಐ ಎಂದರೆ ಗಾಳಿಯ ಬಿಗಿ ಅಳೆಯುವ ಮಾನ). ಆಗ ಒಬ್ಬೊಬ್ಬ ಹಮಾಲಿ ಹೊರುವುದು ಸುಮಾರು 5.6 ಕಿಲೋ. ಹಿಂದಿನ ಚಕ್ರದ ಮೇಲೆ ಬೀಳುವ ಭಾರ 50 ಕಿಲೋ ಎಂದಿಟ್ಟುಕೊಂಡರೆ 9 ಜನ ಸಾಕು, ಅಂದರೆ 9 ಚದರ ಸೆಂಟಿಮೀಟರು. ದಪ್ಪ ಟೈರಿಗೆ ಅವನು ಹೊಡೆಯುವುದು 40 ಪಿಎಸ್‌ಐ. ಹಮಾಲಿಯ ಬಲ ಅರ್ಧವಾಯಿತು, 2.8 ಕಿಲೋ. ಹಾಗಾಗಿ 18 ಜನ ಬೇಕು. ಟೈರು ತಾನಾಗಿಯೇ ತುಸು ಚಪ್ಪಟೆಯಾಗಿ 18 ಜನಕ್ಕೆ ಜಾಗ ಮಾಡಿಕೊಡುತ್ತದೆ. ರಬ್ಬರಿನ ಬಿರುಸೂ ಕೊಂಚ ಭಾರ ಹೊರುತ್ತದಾದ್ದರಿಂದ ಲೆಕ್ಕ ಕರಾರುವಾಕ್ಕಲ್ಲ. ಆದರೂ ನಮ್ಮ ಮಸಿಯ ಗುರುತು ಲೆಕ್ಕಕ್ಕೆ ಎಷ್ಟು ಹತ್ತಿರ ಬಂದಿತ್ತೆಂದರೆ ನನಗೇ ಆಶ್ಚರ್ಯ.

ಈ ಹಮಾಲಿಗಳನ್ನು ಈಗ ಕೆಸರಿಗೆ ಇಳಿಸಿ. ಒಬ್ಬೊಬ್ಬನ ತಲೆಯ ಮೇಲೆ 5.6 ಕಿಲೋ ಇದ್ದರೆ ಕಾಲು ಬೇಗ ಹೂತುಹೋಗುತ್ತದೆ. 2.8 ಕಿಲೋ ಇದ್ದರೆ ಅಷ್ಟು ಹೂಳುವುದಿಲ್ಲ. ಮಳೆ ಬಿದ್ದ ಗದ್ದೆಯಲ್ಲಿ ಹಲಗೆ ಹಾಸಿ ದಾಟುತ್ತೇವಲ್ಲ, ಅದೇ ಉಪಾಯ. ತೋಟದ ದಾರಿಗೆ ದಪ್ಪ ಟೈರು ಯಾಕೆ ಎನ್ನುವುದಕ್ಕೆ ಅರ್ಧ ಉತ್ತರ ಇಲ್ಲಿದೆ.

ಇನ್ನರ್ಧ ಉತ್ತರ ಕಲ್ಲುಗಳದ್ದು. ಬಂಡಿಜಾಡಿನಲ್ಲಿ ಗೋಲಿಯಷ್ಟು ದಪ್ಪದ ಕಲ್ಲು ಎದುರಾಯಿತು. ಬಿಗಿಯಾದ ಸಣ್ಣ ಟೈರು ಆ ಕಲ್ಲನ್ನು ಹತ್ತಿ ಇಳಿಯಬೇಕು. ಹತ್ತುವಾಗ ಸೈಕಲ್ಲೂ ಮಾವನೂ ಸೊಪ್ಪಿನ ಹೊರೆಯೂ ಎಲ್ಲ ಒಟ್ಟಿಗೆ ಮೇಲೇಳಬೇಕು, ಅದಕ್ಕೆಲ್ಲ ಅವನ ಕಾಲಿನ ಶಕ್ತಿಯೇ ಖರ್ಚು. ಮೆತ್ತಗಿನ ದಪ್ಪ ಟೈರು ಕಲ್ಲನ್ನು ತನ್ನೊಳಕ್ಕೆ ಒತ್ತಿಸಿಕೊಂಡು, ಏನೂ ಆಗಿಲ್ಲವೆಂಬಂತೆ ಮುಂದೆ ಹೋಗುತ್ತದೆ. ಚಾಪೆಯ ಕೆಳಗೆ ಒಂದು ಕಡಲೆಕಾಯಿ ಇದ್ದರೆ ರಾತ್ರಿಯಿಡೀ ಚುಚ್ಚುತ್ತದೆ, ಹಾಸಿಗೆಯ ಕೆಳಗಿದ್ದರೆ ಗೊತ್ತೇ ಆಗುವುದಿಲ್ಲ. ಹಾಗೆ.

ಈ ಗಾಳಿ ತುಂಬಿದ ಟೈರು ಬಳಕೆಗೆ ಬಂದದ್ದೂ ಒಂದು ಮಗುವಿನ ದೆಸೆಯಿಂದಲೇ. 1888ರಲ್ಲಿ ಬೆಲ್‌ಫಾಸ್ಟ್ ಎಂಬ ಊರಿನಲ್ಲಿ ದನಕರುಗಳ ಡಾಕ್ಟರಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲು ಕುಲುಕಬಾರದೆಂದು ಇದನ್ನು ಮಾಡಿ ಹಾಕಿದ. ಅವನಿಗಿಂತ ನಲವತ್ತು ವರ್ಷ ಮೊದಲೇ ರಾಬರ್ಟ್ ಥಾಮ್ಸನ್ ಎಂಬವನು ಇದೇ ಯೋಚನೆ ಮಾಡಿದ್ದ, ಆದರೆ ಆಗ ಅದನ್ನು ಹಾಕಿಕೊಳ್ಳಲು ಒಳ್ಳೆಯ ಸೈಕಲ್ಲೇ ಇರಲಿಲ್ಲ.

"ದಪ್ಪ ಟೈರು ಇಷ್ಟು ಒಳ್ಳೇದಾದ್ರೆ ನಂದಿಗೂ ಅದನ್ನೇ ಹಾಕ್ಕೊಂಡು ಹೋಗಬಹುದಲ್ಲ?"

ಹೋಗಬಹುದು, ಹೋಗಿದ್ದಾನೆ, ಬಂದು ಮಧ್ಯಾಹ್ನವೆಲ್ಲ ಮಲಗಿದ್ದಾನೆ! ಚಪಾತಿ ಹಿಟ್ಟನ್ನು ನಾದಿದ್ದೀರಾ? ಒತ್ತಿ, ಮಡಚಿ, ಮತ್ತೆ ಒತ್ತಿ ಮಾಡುವಷ್ಟರಲ್ಲಿ ತೋಳು ಸೋಲುತ್ತದೆ. ಟೈರು ಉರುಳುವಾಗ ನೆಲ ಮುಟ್ಟಿದ ಭಾಗ ಚಪ್ಪಟೆಯಾಗುತ್ತದೆ, ದಾಟಿದ ಮೇಲೆ ಮತ್ತೆ ಗುಂಡಗಾಗುತ್ತದೆ. ಪ್ರತಿ ಸುತ್ತಿನಲ್ಲೂ ರಬ್ಬರನ್ನು ಹೀಗೆ ನಾದುತ್ತಿರಬೇಕು, ನಾದುವವನು ಪೆಡಲು ತುಳಿಯುವವನೇ. ಗಾಳಿ ಮೆತ್ತಗಿದ್ದಷ್ಟೂ ನಾದುವುದು ಹೆಚ್ಚು. ಗುಬುಟುಗಳಿದ್ದರಂತೂ ಟಾರಿನ ಮೇಲೆ ಒಂದೊಂದೂ ಬಾಗಿ ಬಾಗಿ ಏಳುತ್ತದೆ. ಆ ಗುಂಯ್ ಎನ್ನುವ ಸದ್ದಿದೆಯಲ್ಲ, ಅದು ಮಾವನ ಶಕ್ತಿ ಸೋರುತ್ತಿರುವ ಸದ್ದು. ಕೆಸರಿನಲ್ಲಿ ಉಪಕಾರಿಯಾದ ಮೆತ್ತನೆ ಗುಣ ಟಾರಿನಲ್ಲಿ ಕಂದಾಯ ವಸೂಲಿಗೆ ಕೂರುತ್ತದೆ. ಅದರ ಮೇಲೆ ದಪ್ಪ ಟೈರು ಭಾರ ಬೇರೆ. ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ 900 ಮೀಟರಿನ ಆಸುಪಾಸಿನಲ್ಲಿದೆ, ನಂದಿಯ ನೆತ್ತಿ 1,478 ಮೀಟರು. ಅಷ್ಟೆತ್ತರಕ್ಕೆ ಸೈಕಲ್ಲಿನ ಪ್ರತಿ ಗ್ರಾಮನ್ನೂ ಕಾಲಿನಿಂದಲೇ ಎತ್ತಬೇಕು.

ಆದರೆ ಇಲ್ಲೊಂದು ಮಾತು. ಸಣ್ಣ ಟೈರು ಒಳ್ಳೆಯದೆಂದರೆ ಇನ್ನೂ ಸಣ್ಣದು ಇನ್ನೂ ಒಳ್ಳೆಯದು ಎಂದು ಕೆಲವರು ಹೊರಡುತ್ತಾರೆ. ನಾನು ಒಪ್ಪುವುದಿಲ್ಲ. ನಮ್ಮ ಟಾರು ಗಾಜಿನ ಹಲಗೆಯಲ್ಲ, ಜಲ್ಲಿ ಎದ್ದ ಟಾರು. ಅದರ ಮೇಲೆ ಕಲ್ಲಿನಂತೆ ಗಾಳಿ ತುಂಬಿದ 23 ಮಿಲಿಮೀಟರಿನ ಟೈರು ಬಾಣಲೆಯಲ್ಲಿನ ಸಾಸಿವೆಯಂತೆ ಸಿಡಿಯುತ್ತ ಹೋಗುತ್ತದೆ, ಮುಂದೆ ಹೋಗುವುದಕ್ಕಿಂತ ಮೇಲೆ ಕೆಳಗೆ ಹೋಗುವುದೇ ಹೆಚ್ಚು. ಮಗ 28 ಮಿಲಿಮೀಟರಿನದು ಹಾಕಿದ್ದಾನೆ. ನನ್ನನ್ನು ಕೇಳಿದ್ದರೆ 32 ಹಾಕು ಎನ್ನುತ್ತಿದ್ದೆ. ಕೇಳಲಿಲ್ಲ.

ಟೈರೊಂದನ್ನೇ ಬದಲಿಸಿದರೆ ಆಗದೇ, ಚಕ್ರವೇ ಯಾಕೆ ಎಂದು ನಿಮಗೆ ಅನಿಸಿರಬಹುದು. ಆಗುತ್ತದೆ. ವರ್ಷಕ್ಕೆ ಎರಡು ಸಲ ಬದಲಿಸುವವರಿಗೆ ಅದೇ ಸಾಕು, ದುಡ್ಡೂ ಉಳಿಯುತ್ತದೆ. ಆದರೆ ಶನಿವಾರ ರಾತ್ರಿ ಎರಡು ಟೈರು ಕಳಚಿ ಎರಡು ಹಾಕಿ, ಭಾನುವಾರ ರಾತ್ರಿ ಮತ್ತೆ ಕಳಚಿ ಹಾಕುವುದೆಂದರೆ ಬೆರಳು ಬೊಕ್ಕೆ. ಅವಸರದಲ್ಲಿ ಟ್ಯೂಬು ರಿಮ್ಮಿಗೆ ಸಿಕ್ಕಿ ಕಚ್ಚಿಕೊಂಡರೆ ಪಂಕ್ಚರು ಬೇರೆ. ಚಕ್ರವೇ ಇದ್ದರೆ ಐದು ನಿಮಿಷದ ಕೆಲಸ. ಹಬ್ಬಿನ ಪಕ್ಕದ ಸಣ್ಣ ಹಿಡಿ ಬಿಚ್ಚು, ಚಕ್ರ ತೆಗೆ, ಇನ್ನೊಂದು ಕೂರಿಸು, ಹಿಡಿ ಬಿಗಿ. (ಆ ಹಿಡಿ ಬಿಗಿಯುವ ಕೆಲಸ ದೊಡ್ಡವರದು. ಸಡಿಲ ಉಳಿದರೆ ಇಳಿಜಾರಿನಲ್ಲಿ ಚಕ್ರ ಒಂದು ದಾರಿ, ಸವಾರ ಒಂದು ದಾರಿ.)

ಇಷ್ಟೆಲ್ಲ ಆದ ಮೇಲೆ ಒಂದು ಮಧ್ಯಾಹ್ನ ಹುಡುಗಿ ಹಿತ್ತಲಿನಿಂದ ಕೂಗಿದಳು. "ತಾತ, ನೀನು ಹೇಳಿದ್ದು ಸುಳ್ಳು! ನಾಲ್ಕಲ್ಲ, ಆರು ಚಕ್ರ!"

ಹೋಗಿ ನೋಡಿದರೆ ಹಾಗಲಬಳ್ಳಿಯ ಕೆಳಗೆ ನಿಂತಿದ್ದಾಳೆ. ಬಳ್ಳಿ ಹಬ್ಬಿರುವುದು ಎರಡು ಹೊಳೆಯುವ ಸೈಕಲ್ ಚಕ್ರಗಳ ಮೇಲೆ, ಕಡ್ಡಿಯಿಂದ ಕಡ್ಡಿಗೆ ಸುರುಳಿ ಸುತ್ತಿಕೊಂಡು. ಮಗನಿಂದ ಅವನ ತಾಯಿಗೆ ಸಿಕ್ಕಿದ ಉಡುಗೊರೆ ಅದು. ಮಗ ಮೊದಲು ತಂದದ್ದು ಈ ಜೊತೆಯನ್ನೇ. ಯಾರೋ ಬಳಸಿದ್ದು, ಅಗ್ಗಕ್ಕೆ ಸಿಕ್ಕಿತು, ಹಗುರ ಬೇರೆ. ಅಳತೆ ಕೇಳದೆ ಹೊತ್ತು ತಂದ. ಕೂರಿಸಲು ಹೋದರೆ ಕೂರಲಿಲ್ಲ.

ಯಾಕೆ ಕೂರಲಿಲ್ಲ ಎನ್ನುವುದಕ್ಕೆ ಅವಳಿಗೆ ರೈಲಿನ ಕಥೆ ಹೇಳಿದೆ. ಬಂಗಾರಪೇಟೆಯಿಂದ ಕೋಲಾರ, ಚಿಂತಾಮಣಿ, ಶಿಡ್ಲಘಟ್ಟ ಹಾದು ಚಿಕ್ಕಬಳ್ಳಾಪುರಕ್ಕೆ ಹಿಂದೆ ಒಂದು ಪುಟ್ಟ ರೈಲು ಓಡುತ್ತಿತ್ತು. ಅದರ ಎರಡು ಹಳಿಗಳ ನಡುವಿನ ಅಂತರ 762 ಮಿಲಿಮೀಟರು, ನಮ್ಮ ಮಂಚದ ಅಗಲಕ್ಕಿಂತ ಕಡಿಮೆ. ಈಗ ಅದೇ ದಾರಿಯಲ್ಲಿ ಬ್ರಾಡ್‌ಗೇಜ್ ಇದೆ, ಅಂತರ 1,676 ಮಿಲಿಮೀಟರು. ಹಳೇ ರೈಲಿನ ಬೋಗಿ ಎಷ್ಟೇ ಚೆನ್ನಾಗಿರಲಿ, ಹೊಸ ಹಳಿಯ ಮೇಲೆ ನಿಲ್ಲಿಸಲಾಗುತ್ತದೆಯೇ? ಚಕ್ರ ಒಳ್ಳೆಯದಾದರೆ ಸಾಲದು, ಅದು ಹೋಗಿ ಕೂರುವ ಮನೆಗೆ ಸರಿಹೊಂದಬೇಕು.

ಮಗನ ಸೈಕಲ್ಲಿನ ಹಿಂಬದಿಯಲ್ಲಿ ಹಬ್ಬು ಕೂರುವ ಎರಡು ಕಾಲುಗಳ ನಡುವೆ 135 ಮಿಲಿಮೀಟರ್ ಜಾಗ. ಅಗ್ಗದ ಚಕ್ರದ ಹಬ್ಬು 130. ಐದೇ ಮಿಲಿಮೀಟರು, ಒಂದು ಕಡಲೆಕಾಳಿನಷ್ಟು. ಅಷ್ಟಕ್ಕೇ ಚಕ್ರ ಗಡಗಡ. ಮುಂದಿನ ಚಕ್ರ ಸರಿಯಾಗಿ ಕೂತಿತು, ಎರಡರದ್ದೂ 100. ಕೂತರೇನು, ಬ್ರೇಕಿಲ್ಲ! ಅವನ ಸೈಕಲ್ಲಿನಲ್ಲಿ ಹಬ್ಬಿನ ಪಕ್ಕ ದೋಸೆಯಂಥ ಉಕ್ಕಿನ ಡಿಸ್ಕಿದೆ, ಬ್ರೇಕು ಹಿಡಿಯುವುದು ಅದನ್ನು. ಆ ಚಕ್ರಗಳಲ್ಲಿ ಡಿಸ್ಕು ಕೂರಿಸುವ ಜಾಗವೇ ಇರಲಿಲ್ಲ. ಅವು ರಿಮ್ಮನ್ನೇ ಒತ್ತಿ ಹಿಡಿಯುವ ಬ್ರೇಕಿನ ಕಾಲದವು. ನಾಲ್ಕು ದಿನ ಮುಖ ಊದಿಸಿಕೊಂಡಿದ್ದ. ಐದನೇ ದಿನ ಅವನ ತಾಯಿ ಹಾಗಲಬೀಜ ಹಾಕಿದಳು.

ಎರಡನೇ ಸಲ ಅವನು ಜಾಣನಾದ. ಮೊದಲು ಟೇಪು ಹಿಡಿದು ಅಳೆದ, ಆಮೇಲೆ ಅಂಗಡಿಗೆ ಹೋದ. ಹಿಂದಿನ ಹಬ್ಬಿನ ಮೇಲೆ ಹಲ್ಲಿನ ತಟ್ಟೆಗಳ ಗೊಂಚಲಿರುತ್ತದಲ್ಲ, ಅದನ್ನು ಕ್ಯಾಸೆಟ್ಟು ಎನ್ನುತ್ತಾರೆ. (ನನ್ನ ಹಾಡಿನ ಕ್ಯಾಸೆಟ್ಟುಗಳಿಗೂ ಅದಕ್ಕೂ ಸಂಬಂಧವಿಲ್ಲ.) ಹಳೆಯದರಲ್ಲಿ 8 ತಟ್ಟೆ ಇದ್ದರೆ ಹೊಸದರಲ್ಲೂ 8 ತಟ್ಟೆಯದೇ ಬೇಕು, ಇಲ್ಲದಿದ್ದರೆ ಗೇರಿನ ಲೆಕ್ಕ ತಪ್ಪುತ್ತದೆ. ಇನ್ನೊಂದು ಸೂಕ್ಷ್ಮ ಅವನಿಗೆ ಹೇಳಿಕೊಟ್ಟದ್ದು ನಮ್ಮ ಬೀದಿ ಕೊನೆಯ ಪಂಕ್ಚರ್ ಅಂಗಡಿಯವರು. ಸವೆದ ಚೈನು ಉದ್ದವಾಗುತ್ತದೆ. ಹೊಸ ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಸರಿಯಾಗಿ ಅರ್ಧ ಇಂಚು. ಹಾಗಾಗಿ 24 ಅರ್ಧ ಸೇರಿ 12 ಇಂಚು, ನಿಮ್ಮ ಶಾಲೆಯ ದೊಡ್ಡ ಸ್ಕೇಲಿನಷ್ಟು. ಇಟ್ಟು ಅಳೆಯಿರಿ. ಸ್ಕೇಲಿನ ಆಚೆಗೆ ಒಂದು ಇಂಚಿನ ಹದಿನಾರರಲ್ಲೊಂದು ಭಾಗ ಹೋಗಿದ್ದರೆ ಚೈನು ಬದಲಿಸುವ ಕಾಲ ಬಂತು. ಸವೆದ ಚೈನನ್ನು ಹೊಸ ಕ್ಯಾಸೆಟ್ಟಿನ ಮೇಲೆ ಓಡಿಸಿದರೆ ಹೊಸ ಹಲ್ಲುಗಳನ್ನೂ ಬೇಗ ಸವೆಸಿಬಿಡುತ್ತದೆ.

ಮತ್ತೆ, ಎಷ್ಟು ದಪ್ಪದ ಟೈರು ಹಿಡಿಸುತ್ತದೆ ಎಂದೂ ನೋಡಬೇಕು. ಟೈರಿಗೂ ಸೈಕಲ್ಲಿನ ಚೌಕಟ್ಟಿಗೂ ನಡುವೆ ನಿಮ್ಮ ಕಿರುಬೆರಳು ಸಲೀಸಾಗಿ ತೂರುವಷ್ಟು ಜಾಗ ಇರಲಿ. ನಮ್ಮ ಕೆಮ್ಮಣ್ಣಿನ ಬುದ್ಧಿ ಗೊತ್ತಲ್ಲ, ಮಳೆ ಬಿದ್ದರೆ ಅಂಟಿಕೊಂಡು ಹೋಳಿಗೆ ಕಣಕದಂತೆ ಕೂತುಬಿಡುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಅಳತೆ ಟೈರಿನ ಪಕ್ಕದಲ್ಲೇ ಉಬ್ಬಕ್ಷರದಲ್ಲಿ ಬರೆದಿರುತ್ತದೆ. ಮಾವನ ದಪ್ಪ ಟೈರಿನ ಮೇಲೆ 40-622. ಸಣ್ಣದರ ಮೇಲೆ 28-622. ಮೊದಲನೆಯದು ಟೈರಿನ ಅಗಲ. ಎರಡನೆಯದು ರಿಮ್ಮಿನಲ್ಲಿ ಟೈರು ಕೂರುವ ಬಳೆಯ ಅಡ್ಡಳತೆ. ಎರಡೂ ಮಿಲಿಮೀಟರಿನಲ್ಲಿ. ಎರಡನೆಯ ಸಂಖ್ಯೆ ಒಂದೇ ಇದ್ದರೆ ಟೈರು ಆ ರಿಮ್ಮಿನ ಮೇಲೆ ಕೂರುತ್ತದೆ. ನನ್ನ ಕರಿ ಸೈಕಲ್ಲಿನ ಟೈರಿನ ಮೇಲೆ ಧೂಳೊರೆಸಿ ನೋಡಿದಳು: 40-635. ಬರೀ 13 ಮಿಲಿಮೀಟರು ಹೆಚ್ಚು. ಆದರೂ ಇದರ ಟೈರು ಅದಕ್ಕೆ ಕೂರುವುದಿಲ್ಲ. ಡಬ್ಬಿ ಮತ್ತು ಮುಚ್ಚಳ ನೆನೆಸಿಕೊಳ್ಳಿ.

ಟೈರು ಬದಲಾದರೆ ಚಕ್ರದ ಸುತ್ತಳತೆಯೂ ಬದಲಾಗುತ್ತದೆ ಎನ್ನುವುದು ಅವಳಿಗೆ ಹೊಳೆದದ್ದು ನಾನು ಹೇಳದೆಯೇ. ಟೈರಿನ ಮೇಲೆ ಒಂದು ಸೀಮೆಸುಣ್ಣದ ಗೆರೆ, ನೆಲದ ಮೇಲೆ ಒಂದು ಗೆರೆ. ಸೈಕಲ್ಲನ್ನು ಒಂದೇ ಒಂದು ಸುತ್ತು ಉರುಳಿಸಿ ಮತ್ತೆ ನೆಲದ ಮೇಲೆ ಗೆರೆ. ಸಣ್ಣ ಟೈರಿಗೆ ಸುಮಾರು 213 ಸೆಂಟಿಮೀಟರು, ದಪ್ಪಕ್ಕೆ 220. ಏಳು ಸೆಂಟಿಮೀಟರು ಏನು ಮಹಾ ಅನಿಸುತ್ತದೆ. ಮಾವನ ಹ್ಯಾಂಡಲ್ಲಿನ ಮೇಲೆ ಸುತ್ತು ಎಣಿಸಿ ದೂರ ಹೇಳುವ ಪುಟ್ಟ ಮೀಟರಿದೆ. ಅದಕ್ಕೆ ಸಣ್ಣ ಟೈರಿನ ಅಳತೆ ತುಂಬಿಟ್ಟು ದಪ್ಪ ಟೈರಿನಲ್ಲಿ ಹೋದರೆ, ಅದು ಒಂದು ಕಿಲೋಮೀಟರ್ ಎನ್ನುವ ಹೊತ್ತಿಗೆ ನಿಜಕ್ಕೂ 1,030 ಮೀಟರ್ ದಾಟಿರುತ್ತದೆ. "ಮಾವ, ನಿನ್ನ ಮೀಟರು ದಿನಾ ನಿನಗೆ ಮೋಸ ಮಾಡ್ತಿದೆ!" ಎಂದು ಓಡಿದಳು. ಪಾಪ, ಅವನು ಎರಡು ವರ್ಷದಿಂದ ಅದನ್ನೇ ನಂಬಿ ಲೆಕ್ಕ ಬರೆದಿಡುತ್ತಿದ್ದ.

ರಜೆಯ ಕೊನೆಯ ಎರಡು ದಿನ ಅವಳು ನನ್ನ ಹತ್ತಿರ ಬರಲೇ ಇಲ್ಲ. ಒಂದು ಹಳೇ ಬಟ್ಟೆ, ಒಂದು ನೋಟುಪುಸ್ತಕ ಹಿಡಿದು ಬೀದಿಯ ಸೈಕಲ್ಲುಗಳ ಟೈರು ಒರೆಸುತ್ತ ಹೊರಟಿದ್ದಳು. ಸಂಜೆ ಪುಸ್ತಕ ತೋರಿಸಿದಳು. ಎದುರು ಮನೆ ಹುಡುಗನದು 47-507. ಹಾಲಿನವರದು 40-635. ಪೇಪರಿನ ಹುಡುಗನದೂ ಅದೇ. ಅಂಚೆ ಅಣ್ಣನದು ಮುಂದೊಂದು ಅಳತೆ, ಹಿಂದೊಂದು ಅಳತೆ, ಅದರ ಪಕ್ಕ ದೊಡ್ಡ ಆಶ್ಚರ್ಯಸೂಚಕ ಚಿಹ್ನೆ.

ಕೊನೆಯ ಸಾಲಿನಲ್ಲಿ ಹೂ ಮಾರುವ ತಾತ ಎಂದು ಬರೆದು ಮುಂದೆ ಖಾಲಿ ಬಿಟ್ಟಿದ್ದಳು. ಟೈರು ಸವೆದು ಅಕ್ಷರವೇ ಉಳಿದಿಲ್ಲವಂತೆ. "ನಾಳೆ ಬೆಳಿಗ್ಗೆ ಅವರು ಬಂದಾಗ ನಿನ್ನ ಟೇಪು ಕೊಡು ತಾತ, ಬಸ್ಸು ಹತ್ತೂವರೆಗೆ" ಎಂದಳು.